ಎರಡೂ ಪಾದ ನೆಲಕ್ಕೂರಲಿ

ತಿಪಟೂರಿನ ಎಪಿಎಂಸಿಯಲ್ಲಿ ಉಂಡೆ ಕೊಬ್ಬರಿ 2023ರಲ್ಲಿ ಕ್ವಿಂಟಲಿಗೆ 8 ಸಾವಿರ ರೂಪಾಯಿಯ ಆಸುಪಾಸಿಗೆ ಇಳಿದಿತ್ತು. 2025ರಲ್ಲಿ ಅದೇ ಕೊಬ್ಬರಿ 20 ಸಾವಿರ ದಾಟಿತು. ರೇಟು ಏರಿದ ವರ್ಷ ತೋಟದ ಮನೆಗಳಲ್ಲಿ ದುಡ್ಡು ಹರಿಯುವ ದಾರಿ ನಮಗೆಲ್ಲ ಗೊತ್ತಿರುವುದೇ. ಮೊದಲು ಸೊಸೈಟಿ ಸಾಲ, ಆಮೇಲೆ ಬತ್ತಿದ ಬೋರಿಗೆ ಬದಲಾಗಿ ಇನ್ನೊಂದು ಬೋರು, ಮಗಳ ಹೆಸರಲ್ಲಿ ಒಂದಿಷ್ಟು ಚಿನ್ನ, ಅಷ್ಟಾಗಿ ಉಳಿದರೆ ಮಕ್ಕಳ ಆಸೆ. ಆ ಆಸೆಗಳ ಸಾಲಿಗೆ ಈಚೆಗೆ ಪುಟ್ಟ ಡರ್ಟ್ ಬೈಕೂ ಸೇರಿಕೊಂಡಿದೆ. ಐದಾರು ವರ್ಷದ ಮಗು ಹೆಲ್ಮೆಟ್ ಹಾಕಿಕೊಂಡು ಮಣ್ಣಿನ ದಿಬ್ಬ ಹತ್ತಿಳಿಯುವ ವಿಡಿಯೊ ಅಪ್ಪನ ಫೋನಿನಲ್ಲಿ ಕಾಣಿಸುತ್ತದೆ. ಪಕ್ಕದಲ್ಲಿ ಕೂತ ಮಗು 'ನಂಗೂ ಬೇಕು' ಅನ್ನುತ್ತದೆ. ಅಪ್ಪನಿಗೆ ತನ್ನದೇ ಮೂರು ಎಕರೆ ತೋಟ ನೆನಪಾಗುತ್ತದೆ. ರಸ್ತೆಯಲ್ಲವಲ್ಲ, ನಮ್ಮ ಜಮೀನಿನೊಳಗೇ ಓಡಿಸಿಕೊಳ್ಳಲಿ ಎಂಬ ಧೈರ್ಯ ಬರುತ್ತದೆ.

ಕೊಳ್ಳಬೇಕೋ ಬೇಡವೋ ಎಂಬುದನ್ನು ಆಯಾ ಮನೆಯವರೇ ನಿರ್ಧರಿಸಬೇಕು. ಕೊಳ್ಳುವುದೇ ಆದರೆ ಹೇಗೆ ಕೊಳ್ಳಬೇಕು ಎಂಬುದರ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಅದು ಎಷ್ಟು ಸಿಸಿ, ಯಾವ ಕಂಪನಿ ಎಂಬಲ್ಲಿಂದ ಶುರುವಾಗುವುದಿಲ್ಲ. ಮಗುವಿನ ಕಾಲಿನ ಉದ್ದದಿಂದ ಶುರುವಾಗುತ್ತದೆ.

ನಮ್ಮ ಕಡೆ ಮಕ್ಕಳಿಗೆ ಏನೇ ಕೊಳ್ಳಲಿ, ಅಳತೆಗೊಂದು ರೂಢಿಯಿದೆ. ಜೂನ್ ತಿಂಗಳಲ್ಲಿ ಯೂನಿಫಾರಂ ಕೊಳ್ಳಲು ಹೋದ ಅಮ್ಮ 'ಬೆಳೆಯೋ ಹುಡುಗ ಕಣಣ್ಣ, ಒಂದ್ ಸೈಜು ದೊಡ್ಡದೇ ಕೊಡು' ಅನ್ನುತ್ತಾರೆ. ಪ್ಯಾಂಟಿನ ತುದಿ ಒಳಮಡಚಿ ಹೊಲಿಗೆ ಹಾಕಿಸಿ, ಮುಂದಿನ ವರ್ಷ ಬಿಚ್ಚುತ್ತಾರೆ. ಚಪ್ಪಲಿಯೂ ಹಾಗೇ, ಸೈಕಲ್ಲೂ ಹಾಗೇ. ಬಡತನ ಕಲಿಸಿದ ಒಳ್ಳೆಯ ಜಾಣತನ ಅದು, ಬಟ್ಟೆಯ ಮಟ್ಟಿಗೆ ಅದರಲ್ಲಿ ತಪ್ಪೇನಿಲ್ಲ. ಎಂಜಿನ್ ಇರುವ ಎರಡು ಚಕ್ರದ ಗಾಡಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಪ್ಯಾಂಟು ಉದ್ದವಾದರೆ ಮಗು ಎಡವೀತು ಅಷ್ಟೆ. ಸೀಟು ಎತ್ತರವಾದರೆ ಗಾಡಿ ನಿಂತ ಕ್ಷಣದಲ್ಲೇ ಮಗು ಅದರ ಕೆಳಗೆ ಸಿಕ್ಕಿಕೊಳ್ಳುತ್ತದೆ. ಹೊಸದಾಗಿ ಕಲಿಯುವ ಮಕ್ಕಳು ಬೀಳುವುದು ಹೆಚ್ಚಾಗಿ ವೇಗದಲ್ಲಲ್ಲ. ಹೊರಡುವಾಗ, ನಿಲ್ಲಿಸುವಾಗ, ತಿರುವಿನಲ್ಲಿ ಹೆದರಿ ನಿಧಾನ ಮಾಡಿದಾಗ. ಆ ಹೊತ್ತಿನಲ್ಲಿ ಕಾಲು ಚಾಚಿದರೆ ನೆಲ ಸಿಗಬೇಕು. ಬೆರಳ ತುದಿ ತಾಕಿದರೆ ಸಾಲದು, ಎರಡೂ ಹಿಮ್ಮಡಿ ಊರಬೇಕು.

ಅಳೆಯುವುದು ಸುಲಭ. ಮಗುವನ್ನು ಶೂ ಹಾಕಿಸಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ. ಒಂದು ನೋಟ್ ಬುಕ್ಕನ್ನು ಎರಡು ಕಾಲಿನ ನಡುವೆ ಅಡ್ಡಲಾಗಿ, ಮೇಲಕ್ಕೆ ತಾಕುವಷ್ಟು ಎತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಟೇಪು ಹಿಡಿಯಿರಿ. ಆ ಅಳತೆಗಿಂತ ಬೈಕಿನ ಸೀಟಿನ ಎತ್ತರ ಒಂದೆರಡು ಸೆಂಟಿಮೀಟರಾದರೂ ಕಮ್ಮಿ ಇರಬೇಕು. ಮಗು ಕೂತಾಗ ಷಾಕ್ ಅಬ್ಸಾರ್ಬರ್ ತುಸು ಕುಗ್ಗಿ ಸೀಟು ಇನ್ನಷ್ಟು ಇಳಿಯುತ್ತದೆ. ಅದನ್ನು ಲಾಭವೆಂದು ತಿಳಿಯಿರಿ, ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ. ಈ ಒಂದು ಸಂಖ್ಯೆ ಕೈಯಲ್ಲಿದ್ದರೆ ಅಂಗಡಿಯವನ ಅರ್ಧ ಮಾತು ಕೇಳುವ ಅಗತ್ಯವೇ ಬೀಳುವುದಿಲ್ಲ.

ಎರಡನೆಯದು ತೂಕ. ಆರು ವರ್ಷದ ಮಗು ಸುಮಾರು 20 ಕೆ.ಜಿ. ಇರುತ್ತದೆ. ಜಗತ್ತಿನಾದ್ಯಂತ ಮಕ್ಕಳ ಮೊದಲ ಬೈಕೆಂದು ಹೆಸರಾದ ಯಮಹಾ ಪಿಡಬ್ಲ್ಯೂ 50 ಸುಮಾರು 41 ಕೆ.ಜಿ. ತೂಗುತ್ತದೆ, ಮಗುವಿನ ಎರಡರಷ್ಟು. ಹೋಂಡಾದ ಸಿಆರ್‌ಎಫ್ 50 ಎಫ್ ಸುಮಾರು 50 ಕೆ.ಜಿ., ಅಂದರೆ ಎರಡೂವರೆಯಷ್ಟು. ನಮ್ಮ ಮನೆಗಳ ಜಗಲಿ ಪಕ್ಕ ನಿಂತಿರುವ ಟಿವಿಎಸ್ ಎಕ್ಸೆಲ್ 100? ಎಂಬತ್ತು ಕಿಲೋ ದಾಟುತ್ತದೆ. ನಾಲ್ಕರಷ್ಟು.

ಈ ಎಕ್ಸೆಲ್ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ತುರುವೇಕೆರೆ, ಚಿಕ್ಕನಾಯಕನಹಳ್ಳಿ, ತಿಪಟೂರು ತಾಲ್ಲೂಕುಗಳಲ್ಲಿ ಮಕ್ಕಳ ಮೊದಲ ಡರ್ಟ್ ಬೈಕು ನಿಜವಾಗಿ ಅದೇ. 1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಟಿವಿಎಸ್ 50 ಹೊರಬಂದ ಮೇಲೆ ತೆಂಗಿನ ನಾಡಿನ ಬದುಕು ಆ ಗಾಡಿಯ ಮೇಲೆಯೇ ಓಡಾಡಿದೆ. ಕಾಯಿ ಚೀಲ, ಹುಲ್ಲಿನ ಹೊರೆ, ಹಾಲಿನ ಕ್ಯಾನು, ಸ್ಪ್ರೇಯರ್, ಮುಂದೆ ನಿಂತ ಮಗು, ಎಲ್ಲ ಅದರ ಮೇಲೇ. ಗೇರಿಲ್ಲ, ಕ್ಲಚ್ಚಿಲ್ಲ, ಕಿವಿ ಹಿಂಡಿದರೆ ಮುಂದೆ ಹೋಗುತ್ತದೆ. ಹತ್ತು ವರ್ಷದ ಹುಡುಗ ತೋಟಕ್ಕೆ ಊಟದ ಬುತ್ತಿ ಕೊಟ್ಟು ಬರುವುದು ಅದರಲ್ಲೇ. 'ನಮ್ಮ ಹುಡುಗ ಎಂಟಕ್ಕೇ ಎಕ್ಸೆಲ್ ಓಡಿಸ್ತಿದ್ದ' ಎಂದು ಹೆಮ್ಮೆಯಿಂದ ಹೇಳುವ ಅಜ್ಜಂದಿರಿದ್ದಾರೆ. ಆ ಹುಡುಗ ಬ್ರೇಕಿನ ಲಿವರಿಗೆ ಎರಡು ಬೆರಳನ್ನೂ ಸರಿಯಾಗಿ ಎಟುಕಿಸಲಾರ. ಗಾಡಿ ವಾಲಿದರೆ ಅವನ ಮೊಣಕಾಲಿನ ಮೇಲೆ ಬೀಳುವುದು ಎಂಬತ್ತು ಕಿಲೋ, ಜೊತೆಗೆ ಕಾದ ಸೈಲೆನ್ಸರು. ಬರಿಗಾಲು, ಬರಿದಲೆ. ಹೊಸ ಡರ್ಟ್ ಬೈಕಿನ ಬಗ್ಗೆ ಹತ್ತು ಪ್ರಶ್ನೆ ಕೇಳುವ ಮನೆ, ಎಕ್ಸೆಲ್ಲಿನ ಕೀ ಗೋಡೆಯ ಮೊಳೆಗೆ ಮಗುವಿನ ಕೈಗೆಟಕುವಂತೆ ನೇತುಹಾಕಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಪುಟ್ಟ ಬೈಕು ಬಂದ ಮೇಲೆ ಮಗುವಿನ ಧೈರ್ಯ ಹೆಚ್ಚುತ್ತದೆ, ಆಗ ಆ ಮೊಳೆ ಇನ್ನೂ ಎತ್ತರಕ್ಕೆ ಹೋಗಬೇಕು.

ಸಿಗುವ ಬೈಕುಗಳ ವಿಷಯಕ್ಕೆ ಬರೋಣ. ಯಮಹಾ ಪಿಡಬ್ಲ್ಯೂ 50 ಮಾರುಕಟ್ಟೆಗೆ ಬಂದದ್ದು 1980ರ ದಶಕದ ಆರಂಭದಲ್ಲಿ. ಇಂದಿಗೂ ಹೆಚ್ಚು ಬದಲಾಗದೆ ತಯಾರಾಗುತ್ತಿದೆ. ನಮ್ಮ ಶೋರೂಮುಗಳಲ್ಲಿ ಅದು ಸಿಗುವುದಿಲ್ಲ. ಆದರೂ ಅದನ್ನು ತಿಳಿದುಕೊಳ್ಳುವುದು ಲಾಭ, ಏಕೆಂದರೆ ಮಗುವಿನ ಬೈಕು ಹೇಗಿರಬೇಕೆಂದು ಯೋಚಿಸಿ ಕಟ್ಟಿದ ಗಾಡಿ ಅದು. ಸೀಟಿನ ಎತ್ತರ 48 ಸೆಂಟಿಮೀಟರಿನ ಆಸುಪಾಸು. ಹಿಂದಿನ ಚಕ್ರಕ್ಕೆ ಚೈನಿಲ್ಲ, ಮುಚ್ಚಿದ ಷಾಫ್ಟ್ ಮೂಲಕ ಶಕ್ತಿ ಹೋಗುತ್ತದೆ, ಹಾಗಾಗಿ ಬೆರಳು ಸಿಕ್ಕಿಕೊಳ್ಳುವ ಭಯವಿಲ್ಲ. ಎರಡೂ ಬ್ರೇಕು ಸೈಕಲ್ಲಿನಂತೆ ಕೈಯಲ್ಲೇ ಇವೆ. ಆಕ್ಸಿಲರೇಟರ್ ಎಷ್ಟು ತಿರುಗಬೇಕೆಂದು ಅಪ್ಪ ಅಮ್ಮ ಒಂದು ಸ್ಕ್ರೂ ತಿರುಗಿಸಿ ನಿಗದಿ ಮಾಡಬಹುದು. ಹೋಂಡಾ ಸಿಆರ್‌ಎಫ್ 50 ಎಫ್‌ನಲ್ಲಿ ಸೀಟು 55 ಸೆಂಟಿಮೀಟರಿನಷ್ಟು ಎತ್ತರ, ಮೂರು ಗೇರು, ತಾನೇ ಹಿಡಿಯುವ ಕ್ಲಚ್ಚು. ಸ್ವಲ್ಪ ದೊಡ್ಡ ಮಗುವಿಗೆ ಅದು. ಯಾವ ಬೈಕನ್ನೇ ನೋಡಲಿ, ಪಿಡಬ್ಲ್ಯೂವಿನ ಈ ಗುಣಗಳಲ್ಲಿ ಎಷ್ಟಿವೆ ಎಂದು ಹೋಲಿಸಿದರೆ ಅಳತೆಗೋಲು ಸಿಕ್ಕಂತೆ.

ಭಾರತದಲ್ಲಿ ಅಧಿಕೃತವಾಗಿ ಸಿಗುವವು ಬೆರಳೆಣಿಕೆಯಷ್ಟು. ಕೆಟಿಎಂ ಕಂಪನಿ 2024ರ ನವೆಂಬರಿನಲ್ಲಿ 50 ಎಸ್‌ಎಕ್ಸ್ ತಂದಾಗ ಅದರ ಬೆಲೆ 4.75 ಲಕ್ಷ ರೂಪಾಯಿ. 2025ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,100. ಆ ಲೆಕ್ಕದಲ್ಲಿ ಹೆಚ್ಚುಕಮ್ಮಿ 39 ಕ್ವಿಂಟಲ್ ಕೊಬ್ಬರಿ. ದುಡ್ಡಿನ ಮಾತು ಹಾಗಿರಲಿ, ಅದು ಸ್ಪರ್ಧೆಗೆಂದೇ ಕಟ್ಟಿದ ಗಾಡಿ. ಟ್ರ್ಯಾಕಿನಲ್ಲಿ ತರಬೇತಿ ಪಡೆಯುತ್ತಿರುವ ಮಗುವಿಗೆ ಸರಿ, ಮೊದಲ ಬಾರಿ ಹ್ಯಾಂಡಲ್ ಹಿಡಿಯುವ ಮಗುವಿಗೆ ಖಂಡಿತ ಬೇಡ. 2025ರ ಕೊನೆಯಲ್ಲಿ ಹೀರೋ ಸಂಸ್ಥೆಯ ವಿಡಾ ಹೆಸರಿನಲ್ಲಿ ಡರ್ಟ್.ಇ ಕೆ3 ಎಂಬ ಬ್ಯಾಟರಿ ಬೈಕು ಬಂತು. 4ರಿಂದ 10 ವರ್ಷದ ಮಕ್ಕಳಿಗೆಂದು ಹೇಳುತ್ತಾರೆ. ತೂಕ 22 ಕೆ.ಜಿ., ಆರಂಭದ ಬೆಲೆ ಸುಮಾರು 70 ಸಾವಿರ ರೂಪಾಯಿ, ಎತ್ತರವನ್ನು ಮೂರು ಹಂತಗಳಲ್ಲಿ ಬದಲಿಸಬಹುದು, ವೇಗವನ್ನೂ ಹಂತಹಂತವಾಗಿ ಕಟ್ಟಿಹಾಕಬಹುದು. ತೂಕ ಮತ್ತು ಎತ್ತರ ಎರಡನ್ನೂ ನೋಡಿದರೆ, ಮೊದಲ ಗಾಡಿಯಾಗಿ ಇಂಥದ್ದರ ಕಡೆಗೇ ನನ್ನ ಒಲವು. ಬ್ಯಾಟರಿ ಬೈಕಿನ ಗುಣ ಇನ್ನೂ ಒಂದಿದೆ. ಸದ್ದಿಲ್ಲವಾದ್ದರಿಂದ ಇಪ್ಪತ್ತು ಅಡಿ ದೂರದಿಂದ ನೀವು 'ನಿಲ್ಲು' ಅಂದದ್ದು ಮಗುವಿಗೆ ಕೇಳಿಸುತ್ತದೆ. ದೋಷವೂ ಅಲ್ಲೇ ಇದೆ. ಗಾಡಿ ಚಾಲೂ ಇದೆಯೆಂದು ತಿಳಿಸುವ ಸದ್ದಿಲ್ಲದೆ, ನಿಲ್ಲಿಸಿದ್ದೇನೆ ಎಂದುಕೊಂಡ ಮಗು ಹ್ಯಾಂಡಲ್ ಹಿಡಿದು ಎಳೆದರೆ ಗಾಡಿ ಜಿಗಿಯುತ್ತದೆ. ಇಳಿದ ಕೂಡಲೇ ಸ್ವಿಚ್ ಆಫ್ ಎಂಬುದು ಮೊದಲ ದಿನದಿಂದಲೇ ಕೈಗೆ ರೂಢಿಯಾಗಬೇಕು.

ಇವೆರಡನ್ನೂ ಬಿಟ್ಟು, ಹೆಚ್ಚು ಜನ ನಿಜವಾಗಿ ಕೊಳ್ಳುವುದು ಆನ್‌ಲೈನಿನಲ್ಲಿ ಸಿಗುವ 49 ಸಿಸಿಯ ಅಗ್ಗದ ಪುಟ್ಟ ಬೈಕು. ಪಂಪ್‌ಸೆಟ್ಟಿನ ಹಗ್ಗ ಎಳೆದಂತೆ ಎಳೆದು ಸ್ಟಾರ್ಟ್ ಮಾಡುವುದು, ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸುವುದು. ಹಳೇ ಟಿವಿಎಸ್ 50 ಓಡಿಸಿದವರಿಗೆ ಇದ್ಯಾವುದೂ ಹೊಸದಲ್ಲ. ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬರುತ್ತದೆ, ಮನೆಯಲ್ಲೇ ಜೋಡಿಸಬೇಕು. ಇದನ್ನು ಕೊಳ್ಳಲೇಬೇಡಿ ಎಂದರೆ ಯಾರೂ ಕೇಳುವುದಿಲ್ಲವೆಂದು ಗೊತ್ತು. ಕನಿಷ್ಠ, ಮಗುವನ್ನು ಕೂರಿಸುವ ಮೊದಲು ಒಬ್ಬ ಮೆಕ್ಯಾನಿಕ್ಕಿನ ಕೈಗೆ ಕೊಡಿ. ಪ್ರತಿ ನಟ್ಟು ಬೋಲ್ಟು ಬಿಗಿಯಾಗಿದೆಯೇ ನೋಡಲಿ. ಹಿಂದಿನ ಚಕ್ರ ನೆಲ ಬಿಡುವಂತೆ ಗಾಡಿಯನ್ನು ಎತ್ತಿ ನಿಲ್ಲಿಸಿ ಸ್ಟಾರ್ಟ್ ಮಾಡಿ. ಆಕ್ಸಿಲರೇಟರ್ ಮುಟ್ಟದಿದ್ದಾಗ ಚಕ್ರ ತಿರುಗಬಾರದು. ಇವುಗಳ ಕ್ಲಚ್ಚು ಎಂಜಿನ್ ಜೋರಾದಂತೆ ಹೊರಕ್ಕೆ ಹಿಗ್ಗಿ ತಾನೇ ಹಿಡಿಯುವಂಥದ್ದು. ಐಡ್ಲಿಂಗ್ ಜಾಸ್ತಿ ಇದ್ದರೆ ಸ್ಟಾರ್ಟ್ ಆದ ಗಳಿಗೆಯಲ್ಲೇ ಗಾಡಿ ಹೊರಟುಬಿಡುತ್ತದೆ. ಆಮೇಲೆ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಎಂಜಿನ್ ಸದ್ದು ಏರಿದರೆ ಕೇಬಲ್ ಎಲ್ಲೋ ಸಿಕ್ಕಿಕೊಂಡು ಎಳೆಯುತ್ತಿದೆ ಎಂದರ್ಥ. ಆಕ್ಸಿಲರೇಟರ್ ತಿರುವಿ ಕೈ ಬಿಟ್ಟರೆ ಟಪ್ಪೆಂದು ತಾನೇ ವಾಪಸ್ ಬರಬೇಕು. ಇಷ್ಟರಲ್ಲಿ ಒಂದು ತಪ್ಪಿದರೂ ಸರಿಯಾಗುವವರೆಗೆ ಮಗು ಹತ್ತುವುದು ಬೇಡ. ಚೈನಿಗೆ ತಗಡಿನ ಕವರು ಇಲ್ಲದಿದ್ದರೆ ಊರಿನ ವೆಲ್ಡಿಂಗ್ ಷಾಪಿನಲ್ಲಿ ಮಾಡಿಸಿ ಹಾಕಬಹುದು, ಸೈಲೆನ್ಸರಿಗೂ ಹಾಗೆಯೇ.

ಆಕ್ಸಿಲರೇಟರಿನ ವಿಷಯದಲ್ಲಿ ದೊಡ್ಡವರಿಗೂ ಗೊತ್ತಿಲ್ಲದ ಒಂದು ಸಂಗತಿಯಿದೆ. ಗಾಡಿ ಇದ್ದಕ್ಕಿದ್ದಂತೆ ಮುಂದೆ ಜಿಗಿದಾಗ ಮೈ ಹಿಂದಕ್ಕೆ ಜೋಲುತ್ತದೆ. ಬೀಳದಿರಲೆಂದು ಕೈ ಹ್ಯಾಂಡಲನ್ನು ಇನ್ನೂ ಬಿಗಿಯಾಗಿ ಹಿಡಿದು ಎಳೆಯುತ್ತದೆ. ಹಾಗೆ ಎಳೆದಾಗ ಮಣಿಕಟ್ಟು ಕೆಳಗಿಳಿದು ಆಕ್ಸಿಲರೇಟರ್ ಇನ್ನಷ್ಟು ತೆರೆಯುತ್ತದೆ. ಗಾಡಿ ಇನ್ನೂ ಜೋರಾಗಿ ಓಡುತ್ತದೆ. ಹೆದರಿದ ಮಗುವಿಗೆ ಕೈ ಬಿಡಬೇಕೆಂದು ಹೊಳೆಯುವುದೇ ಇಲ್ಲ. ಎಷ್ಟೇ ಬುದ್ಧಿ ಹೇಳಿದ್ದರೂ ಆ ಎರಡು ಸೆಕೆಂಡಿನಲ್ಲಿ ಬುದ್ಧಿ ಕೆಲಸ ಮಾಡುವುದಿಲ್ಲ, ಮೈ ಮಾತ್ರ ಕೆಲಸ ಮಾಡುತ್ತದೆ. ಅದಕ್ಕೇ ವೇಗಕ್ಕೆ ಕಡಿವಾಣ ಹಾಕುವ ಸ್ಕ್ರೂ ಅಥವಾ ಮೋಡ್ ಇಲ್ಲದ ಗಾಡಿ ಮೊದಲ ಗಾಡಿಯಾಗಬಾರದು ಎನ್ನುವುದು. ಹ್ಯಾಂಡಲಿಗೊಂದು ತುದಿ, ದೊಡ್ಡವರ ಕೈಗೊಂದು ತುದಿ ಇರುವ ದಾರ ಎಳೆದರೆ ಎಂಜಿನ್ ಆಫ್ ಆಗುವ ಸ್ವಿಚ್ಚನ್ನೂ ಹಾಕಿಸಬಹುದು. ಖರ್ಚು ಹೆಚ್ಚಲ್ಲ, ಮೊದಲ ವಾರಗಳಲ್ಲಿ ಅದಕ್ಕಿಂತ ದೊಡ್ಡ ಆಸರೆ ಇನ್ನೊಂದಿಲ್ಲ.

ಇನ್ನು ನೆಲ. ನಮ್ಮ ತೋಟವಿದೆಯಲ್ಲ ಎಂಬ ಧೈರ್ಯದಿಂದಲೇ ಹೊರಟವರು ಇಲ್ಲಿ ಸ್ವಲ್ಪ ನಿಲ್ಲಬೇಕು. ತೆಂಗಿನ ತೋಟ ನೋಡಲು ಬಯಲಿನಂತೆ ಕಂಡರೂ ಗಾಡಿ ಕಲಿಯಲು ತಕ್ಕ ಜಾಗವಲ್ಲ. ಸಾಲಿನಿಂದ ಸಾಲಿಗೆ, ಮರದಿಂದ ಮರಕ್ಕೆ ಸುಮಾರು 30 ಅಡಿ, ಅಂದರೆ 9 ಮೀಟರ್. ಹಿರಿಯರು ಹಾಕಿದ ತೋಟಗಳಲ್ಲಿ ಇನ್ನೂ ಒತ್ತು. ಗಂಟೆಗೆ 25 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 7 ಮೀಟರ್. ಒಂದು ಮರ ದಾಟಿದ ಮಗುವಿನ ಮುಂದೆ ಇನ್ನೊಂದು ಮರ ಬರಲು ಒಂದೂಕಾಲು ಸೆಕೆಂಡು ಸಾಕು. ಗಂಟೆಗೆ 8 ಕಿ.ಮೀ.ಗೆ ಇಳಿಸಿದರೆ ಅದೇ ದೂರಕ್ಕೆ ನಾಲ್ಕು ಸೆಕೆಂಡು ಸಿಗುತ್ತದೆ. ಆ ಮೂರು ಸೆಕೆಂಡಿನ ಅಂತರದಲ್ಲಿ ಮಗುವಿನ ಕಲಿಕೆ ಇದೆ.

ಮರವೊಂದೇ ಅಲ್ಲ. ಬುಡದ ಪಾತಿಗಳ ಅಂಚು, ಸೋಗೆಯ ಕೆಳಗೆ ಕಾಣದಂತೆ ಮಲಗಿದ ಡ್ರಿಪ್ ಪೈಪು, ಉತ್ತ ಕೆಂಪು ಮಣ್ಣಿನಲ್ಲಿ ಹೂತುಹೋಗುವ ಮುಂದಿನ ಚಕ್ರ, ಬೀಳುವ ಎಡಮಟ್ಟೆ, ಐವತ್ತು ಅರವತ್ತು ಅಡಿ ಮೇಲಿಂದ ಉದುರುವ ಬಲಿತ ಕಾಯಿ. ಕಾಯಿ ಕೀಳಿಸಿ ತಿಂಗಳು ಕಳೆದ ಸಾಲಿಗೂ ನಾಳೆ ಕೀಳಿಸಬೇಕಾದ ಸಾಲಿಗೂ ಬಹಳ ವ್ಯತ್ಯಾಸವಿದೆ. ಬೇಲಿಯ ಮುಳ್ಳುತಂತಿ ದೊಡ್ಡವರ ಸೊಂಟಕ್ಕೆ ಬಂದರೆ ಬೈಕಿನ ಮೇಲೆ ಕೂತ ಮಗುವಿನ ಕುತ್ತಿಗೆಗೆ ಬರುತ್ತದೆ. ಮೇಯಲು ಕಟ್ಟಿದ ಹಸುವಿನ ಹಗ್ಗವೂ ಅಷ್ಟೇ. ಎಲ್ಲಕ್ಕಿಂತ ನನಗೆ ಭಯ ಹುಟ್ಟಿಸುವುದು ನೀರು: ಕಟ್ಟೆಯಿಲ್ಲದ ಹಳೆಯ ಬಾವಿ, ಮತ್ತು 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೆಚ್ಚಿದ ಕೃಷಿ ಹೊಂಡ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಈಜು ಬಲ್ಲ ದೊಡ್ಡವರೇ ಹತ್ತಿ ಬರಲಾರರು. ಸುತ್ತ ಬೇಲಿಯಿಲ್ಲದ ಹೊಂಡವಿರುವ ಜಮೀನಿನಲ್ಲಿ ಪುಟ್ಟ ಬೈಕಿನ ಮಾತೇ ಬೇಡ. ಮೊದಲು ಬೇಲಿ, ಆಮೇಲೆ ಬೈಕು. ಬೇಸಿಗೆಯಲ್ಲಿ ಇನ್ನೊಂದು ಅಪಾಯ: ಒಣಸೋಗೆ, ಮಟ್ಟೆ ರಾಶಿಯ ಮೇಲೆ ಕಾದ ಸೈಲೆನ್ಸರಿನ ಗಾಡಿ ಮಲಗಿಸಿದರೆ ಬೆಂಕಿಗೆ ಹೆಚ್ಚು ಹೊತ್ತು ಬೇಕಿಲ್ಲ. ಅಟ್ಟದ ಮೇಲೆ ಹತ್ತು ತಿಂಗಳಿಂದ ಒಣಗುತ್ತಿರುವ ಕಾಯಿ ಇರುವ ಕೊಬ್ಬರಿ ಮನೆಯ ಹತ್ತಿರ ಪೆಟ್ರೋಲ್ ಕ್ಯಾನೂ ಇರಬಾರದು, ಈ ಗಾಡಿಯೂ ಇರಬಾರದು.

ಹಾಗಾದರೆ ಎಲ್ಲಿ? ರಾಗಿ ಕೊಯ್ದು ಖಾಲಿಯಾದ ಹೊಲ ಒಳ್ಳೆಯದು. ಜನವರಿಯಿಂದ ಮುಂಗಾರು ಉಳುಮೆಯವರೆಗೆ ನೆಲ ಗಟ್ಟಿಯಾಗಿಯೂ ಇರುತ್ತದೆ, ಬಿದ್ದರೆ ಕಲ್ಲಿನಷ್ಟು ಕಠಿಣವಾಗಿಯೂ ಇರುವುದಿಲ್ಲ. ಹಿಂದೆ ಪ್ರತಿ ಮನೆಗೂ ಕಣವಿತ್ತು, ಸಗಣಿ ಸಾರಿಸಿ ಗಟ್ಟಿ ಮಾಡಿದ ದುಂಡನೆಯ ನೆಲ. ರಾಗಿ ಒಕ್ಕಣೆ ರಸ್ತೆಯ ಮೇಲಕ್ಕೂ ಯಂತ್ರಕ್ಕೂ ಹೋದ ಮೇಲೆ ಕಣಗಳು ಅಳಿದವು. ಅಂಥ ಮೂವತ್ತು ನಲವತ್ತು ಅಡಿಯ ಬಯಲು ಉಳಿದಿದ್ದರೆ ಮೊದಲ ತಿಂಗಳಿಗೆ ಅದಕ್ಕಿಂತ ದೊಡ್ಡ ಜಾಗ ಬೇಕಿಲ್ಲ. ನೆಲದಲ್ಲಿ ಕಲ್ಲು ಆರಿಸಿ, ಹಳೆಯ ರಸಗೊಬ್ಬರದ ಚೀಲಗಳಿಗೆ ಮಣ್ಣು ತುಂಬಿ ಗುರುತಿಟ್ಟರೆ ಸುತ್ತುವ ದಾರಿ ಸಿದ್ಧ.

ಕೆರೆ ಅಂಗಳ, ಶಾಲೆ ಮೈದಾನ, ಗೋಮಾಳ ಆಗದೇ ಎಂದು ಕೇಳುತ್ತಾರೆ. ಆಗದು. ಇಲ್ಲಿ ಕಾನೂನು ಸ್ಪಷ್ಟ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಜನರಿಗೆ ಹೋಗಿಬರುವ ಹಕ್ಕಿರುವ ಯಾವ ಜಾಗವೂ ಸಾರ್ವಜನಿಕ ಸ್ಥಳವೇ. ಡಾಂಬರು ಇರಬೇಕೆಂದಿಲ್ಲ. ನಕಾಶೆ ದಾರಿ, ಕೆರೆ ಏರಿ, ಊರ ಮುಂದಿನ ಬಯಲು ಎಲ್ಲ ಅದರೊಳಗೆ ಬರುತ್ತವೆ. ಅಲ್ಲಿ 18 ತುಂಬದವರು ಮೋಟಾರು ವಾಹನ ಓಡಿಸುವಂತಿಲ್ಲ. 50 ಸಿಸಿ ಮೀರದ ಗಾಡಿಗೆ ಮಾತ್ರ 16. ನಾಲ್ಕಕ್ಕಿಂತ ಕಡಿಮೆ ಚಕ್ರದ, 25 ಸಿಸಿ ಮೀರದ ಎಂಜಿನ್ನಿನ ಗಾಡಿಯನ್ನು ಮೋಟಾರು ವಾಹನವೆಂದು ಕಾಯ್ದೆ ಲೆಕ್ಕ ಹಿಡಿಯುವುದಿಲ್ಲ, ಆದರೆ ಅಗ್ಗದ ಪುಟ್ಟ ಬೈಕುಗಳು 49 ಸಿಸಿಯವು. 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಮಿನಂತೆ ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ಮಾಲೀಕರೇ ಹೊಣೆ: 3 ವರ್ಷದವರೆಗೆ ಸೆರೆ, 25 ಸಾವಿರ ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸಿಲ್ಲ. ಎಕ್ಸೆಲ್ಲಿಗೂ ಇದೇ ಅನ್ವಯ. ತೋಟ ಎರಡು ಕಡೆ ಇದ್ದು ನಡುವೆ ಊರ ದಾರಿಯಿದ್ದರೆ ಬೈಕನ್ನು ಆಫ್ ಮಾಡಿ ತಳ್ಳಿಕೊಂಡು ದಾಟಿಸಿ, ದೊಡ್ಡವರೇ. ಕೆ.ಬಿ. ಕ್ರಾಸಿನಲ್ಲಿ ಎರಡು ಹೆದ್ದಾರಿ ಕೂಡುವ ಈ ಸೀಮೆಯಲ್ಲಿ ಹಳ್ಳಿ ದಾರಿ ಎಲ್ಲಿ ಮುಗಿದು ಲಾರಿ ದಾರಿ ಎಲ್ಲಿ ಶುರುವಾಗುತ್ತದೆ ಎಂಬುದು ಆರು ವರ್ಷದ ಮಗುವಿಗೆ ತಿಳಿಯದು.

ವಯಸ್ಸಿನ ಮಾತು ಬಂದಾಗ ಎರಡು ತುದಿಯ ಉತ್ತರಗಳಿವೆ. ಬೈಕು ಮಾರುವವರು ನಾಲ್ಕು ವರ್ಷಕ್ಕೆ ಆಗಬಹುದು ಅನ್ನುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ರಸ್ತೆಯ ಲೈಸೆನ್ಸ್ ಪಡೆಯುವ ವಯಸ್ಸಾಗದ ಮಕ್ಕಳಿಗೆ ಇಂಥ ಗಾಡಿಗಳೇ ಬೇಡ ಎಂದು 2000ದಲ್ಲೇ ಹೇಳಿದೆ. ವೈದ್ಯರ ಮಾತನ್ನು ಹಗುರವಾಗಿ ತಳ್ಳಿಹಾಕಬಾರದು. ಮಗುವಿನ ದೇಹದ ಲೆಕ್ಕದಲ್ಲಿ ತಲೆ ಭಾರ, ಕುತ್ತಿಗೆ ಎಳಸು. ಮೂಳೆಯ ತುದಿಗಳಲ್ಲಿ ಬೆಳವಣಿಗೆಯ ಮೆದು ಭಾಗವಿರುತ್ತದೆ. ಪೆಟ್ಟು ಅಲ್ಲಿಗೇ ಬಿದ್ದರೆ ಆ ಕೈಯೋ ಕಾಲೋ ಬೆಳೆಯುವ ರೀತಿಯೇ ಕೆಡಬಹುದು. ನಮ್ಮ ಕಡೆಯ ತಲೆಪೆಟ್ಟು ಗಂಭೀರವಾದರೆ ಬೆಂಗಳೂರಿನ ನಿಮ್ಹಾನ್ಸ್ ದಾರಿಯೇ ಹಿಡಿಯಬೇಕು, ತಿಪಟೂರಿನಿಂದ ಸುಮಾರು 140 ಕಿ.ಮೀ. ಆರು ತುಂಬುವ ಮೊದಲು ಎಂಜಿನ್ನಿನ ಗಾಡಿ ಬೇಡವೇ ಬೇಡ ಎಂದು ನಾನು ಹೇಳುತ್ತೇನೆ. ಆರು ತುಂಬಿದವರಿಗೂ ಎರಡು ಪರೀಕ್ಷೆ. ಸೈಡ್ ವೀಲ್ ಇಲ್ಲದ ಸೈಕಲ್ಲನ್ನು ಬ್ರೇಕ್ ಹಿಡಿದು ಹೇಳಿದ ಗೆರೆಯಲ್ಲಿ ನಿಲ್ಲಿಸಬಲ್ಲರೇ? ಆಟದ ಹುರುಪಿನಲ್ಲಿ ಓಡುತ್ತಿರುವಾಗ 'ನಿಲ್ಲು' ಎಂದರೆ ನಿಲ್ಲುತ್ತಾರೆಯೇ? ಎರಡನೆಯದಕ್ಕೆ ಉತ್ತರ ಇಲ್ಲವೆಂದಾದರೆ ಇನ್ನೊಂದು ವರ್ಷ ಕಾಯಬೇಕು.

ಸೈಕಲ್ ಬಾರದ ಮಗುವಿಗೆ ಹೊಸದೇನೂ ಕೊಳ್ಳಬೇಕಿಲ್ಲ. ಮನೆಯಲ್ಲಿರುವ ಚಿಕ್ಕ ಸೈಕಲ್ಲಿನ ಪೆಡಲುಗಳನ್ನು ಬಿಚ್ಚಿ, ಸೀಟು ಪೂರ್ತಿ ಇಳಿಸಿ, ಕಾಲಲ್ಲೇ ತಳ್ಳಿಕೊಂಡು ಹೋಗಲು ಬಿಡಿ. ಎಡಗಡೆ ಪೆಡಲಿನ ಮರೆ ತಿರುಗುಮುರುಗು, ಬಿಚ್ಚುವಾಗ ನೆನಪಿರಲಿ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಮಾಡಿದ ಮೊದಲ ಎರಡು ಚಕ್ರದ ಗಾಡಿಯೂ ಪೆಡಲಿಲ್ಲದೆ ಹೀಗೇ ಓಡುತ್ತಿತ್ತು. ಬ್ಯಾಲೆನ್ಸ್ ಬಂದ ಮಗು ಪೆಡಲನ್ನು ಬೇಗ ಕಲಿಯುತ್ತದೆ. ದೊಡ್ಡ ಸೈಕಲ್ಲಿನ ಚೌಕಟ್ಟಿನೊಳಗೆ ಕಾಲು ತೂರಿಸಿ ಒಳಪೆಡಲ್ ತುಳಿದು ಮಂಡಿ ಕೆತ್ತಿಸಿಕೊಂಡ ನಮ್ಮ ತಲೆಮಾರಿಗಿಂತ ಇದು ಬಹಳ ಸುಖದ ದಾರಿ. ಪುಟ್ಟ ಮೋಟಾರು ಬೈಕಿಗೆ ಸೈಡ್ ವೀಲ್ ಹಾಕಿಸಿ ಕೂರಿಸುವುದನ್ನು ಮಾತ್ರ ಮಾಡಬೇಡಿ. ತಿರುವಿನಲ್ಲಿ ಗಾಡಿ ವಾಲಲಾರದೆ ಹೊರಗಡೆಗೆ ಮಗುಚುತ್ತದೆ.

ಹೆಲ್ಮೆಟ್ಟಿನಲ್ಲೂ 'ಬೆಳೆಯೋ ಮಗು' ಲೆಕ್ಕ ನುಸುಳುತ್ತದೆ. ಹುಬ್ಬಿನ ಮೇಲೆ ಒಂದಂಗುಲ ಬಿಟ್ಟು ತಲೆಯ ಸುತ್ತಳತೆ ತೆಗೆದು, ಆ ಅಳತೆಯದ್ದನ್ನೇ ಕೊಳ್ಳಿ. ಗಲ್ಲವನ್ನೂ ಮುಚ್ಚುವ, ಐಎಸ್ 4151 ಎಂಬ ಐಎಸ್ಐ ಗುರುತಿರುವ, ಹಗುರವಾದದ್ದು. ಹಾಕಿದಾಗ ಕೆನ್ನೆ ಒತ್ತಬೇಕು. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಹೆಲ್ಮೆಟ್ಟಿನ ಜೊತೆ ತಲೆಯೂ ಅಲ್ಲಾಡಬೇಕು. ಅಪ್ಪನ ಹೆಲ್ಮೆಟ್ಟಿಗೆ ಟವೆಲ್ ತುರುಕಿ ಹಾಕಿಸಿದರೆ ಬರಿಯ ಭಾರ ಹೊರಿಸಿದಂತೆ. ಕಾಲಿಗೆ ಹವಾಯಿ ಚಪ್ಪಲಿ ಸಲ್ಲದು, ಕಣಕಾಲು ಮುಚ್ಚುವ ಗಟ್ಟಿ ಬೂಟು ಬೇಕು. ಕೈಗೆ ಗ್ಲೌಸು, ಮೊಣಕಾಲು ಮೊಣಕೈಗೆ ಗಾರ್ಡು, ಕಣ್ಣಿಗೆ ಕನ್ನಡಕ. ಬೈಕಿಗೆ ಇಟ್ಟ ದುಡ್ಡಿನಲ್ಲಿ ಇದಕ್ಕೆಲ್ಲ ಉಳಿಯದಿದ್ದರೆ, ಇನ್ನೂ ಅಗ್ಗದ ಬೈಕು ಹುಡುಕುವುದಕ್ಕಿಂತ ಮುಂದಿನ ಕೊಬ್ಬರಿ ಬಿಡುವವರೆಗೆ ಕಾಯುವುದು ಮೇಲು. ತೋಟದಲ್ಲಿ ಒಂದು ಬೈಕು ಸದ್ದು ಮಾಡಿದರೆ ಅಕ್ಕಪಕ್ಕದ ಮನೆಯ, ಕೆಲಸಕ್ಕೆ ಬರುವವರ ಮಕ್ಕಳೂ ಬಂದು ನಿಲ್ಲುತ್ತವೆ. ಒಂದು ಸುತ್ತು ಕೊಡುವುದಾದರೆ ಹೆಲ್ಮೆಟ್ಟು, ಬೂಟು ಸಮೇತ ಕೊಡಬೇಕು. ನಮ್ಮ ಮಗುವಿನ ತಲೆಗೊಂದು ನ್ಯಾಯ, ಅವರ ಮಗುವಿನ ತಲೆಗೊಂದು ನ್ಯಾಯ ಆಗಬಾರದು.

ಮಗು ಇದರಲ್ಲಿ ಮುಂದೆ ಹೋದರೆ ದಾರಿಯಿದೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರು. ಅವರು ಕೋಲಾರದ ಬಳಿ ಕಟ್ಟಿದ ಬಿಗ್ ರಾಕ್ ಮಣ್ಣಿನ ಟ್ರ್ಯಾಕಿನಲ್ಲಿ ಕ್ರಮಬದ್ಧವಾಗಿ ಕಲಿಸುತ್ತಾರೆ. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್ಪಿನ ಮಹಿಳಾ ಪ್ರಶಸ್ತಿ ಗೆದ್ದರು. ಈ ಆಸೆ ಹುಡುಗರದ್ದೇ ಎಂದುಕೊಂಡ ಮನೆಗಳಿಗೆ ಆ ಹೆಸರು ಗೊತ್ತಿರಲಿ. ಇದರ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ಸಂತೋಷ್ ಅವರೇ 2021ರ ಡಕಾರ್‌ನಲ್ಲಿ ಬಿದ್ದು ತಲೆಗೆ ತೀವ್ರ ಪೆಟ್ಟಾಗಿ, ಕೋಮಾದಲ್ಲಿಟ್ಟು ಚಿಕಿತ್ಸೆ ನೀಡಬೇಕಾಯಿತು. 2023ರ ಆಗಸ್ಟಿನಲ್ಲಿ ಚೆನ್ನೈನ ರೇಸ್ ಟ್ರ್ಯಾಕಿನಲ್ಲಿ ಬೆಂಗಳೂರಿನ 13 ವರ್ಷದ ಬಾಲಕನೊಬ್ಬ ಸ್ಪರ್ಧೆಯ ನಡುವೆ ಬಿದ್ದು ಪ್ರಾಣ ಕಳೆದುಕೊಂಡ. ಅವನಿಗೆ ತರಬೇತಿಯಿತ್ತು, ಹೆಲ್ಮೆಟ್ಟಿತ್ತು, ಟ್ರ್ಯಾಕಿನಲ್ಲಿ ವೈದ್ಯರಿದ್ದರು. ಮಗುವಿನ ಕೈಗೆ ಹ್ಯಾಂಡಲ್ ಕೊಡುವ ಪ್ರತಿ ತಂದೆ ತಾಯಿಯೂ ಇದನ್ನು ತಿಳಿದೇ ಕೊಡಬೇಕು.

ಮೊದಲ ದಿನ ಎಂಜಿನ್ ಆಫ್. ಮಗು ಗಾಡಿಯ ಪಕ್ಕ ನಿಂತು ತಳ್ಳಲಿ, ಮಲಗಿಸಲಿ, ಎತ್ತಲಿ. ಎತ್ತಲಾರದಿದ್ದರೆ ಗಾಡಿ ದೊಡ್ಡದಾಯಿತು ಎಂದೇ ಅರ್ಥ. ಆಮೇಲೆ ಕೂರಿಸಿ ನೀವು ಹಿಂದಿನಿಂದ ತಳ್ಳಿ, 'ಬ್ರೇಕ್' ಅಂದಾಗ ಹಿಡಿಯಲಿ. ಇದು ಸರಿಯಾಗಿ ಬಂದ ಮೇಲೆಯೇ ಆಕ್ಸಿಲರೇಟರ್, ಅದೂ ಕಡಿವಾಣ ಬಿಗಿದು. ಒಂದು ಸಲಕ್ಕೆ ಕಾಲು ಗಂಟೆ ಸಾಕು. ಕೈ ಸೋತ ಮಗು ಬ್ರೇಕ್ ಹಿಡಿಯಲಾರದು, ಸೋತಿದ್ದೇನೆಂದು ಹೇಳುವುದೂ ಇಲ್ಲ. ವೇಗದ ಸ್ಕ್ರೂವನ್ನು ಸಡಿಲಿಸಬೇಕಾದದ್ದು ಮಗು ಕೇಳಿದಾಗಲ್ಲ, ಗುರುತಿಟ್ಟ ಗೆರೆಯಲ್ಲಿ ಪ್ರತಿ ಸಲ ನಿಲ್ಲಿಸತೊಡಗಿದಾಗ. ಜೊತೆಗಿರುವ ದೊಡ್ಡವರು ಫೋನ್ ಜೇಬಿನಲ್ಲಿಟ್ಟು, ನಡೆದೋ ಓಡಿಯೋ ಹತ್ತಿರವೇ ಇರಬೇಕು. ಕಾಯಿ ಸುಲಿಸುತ್ತಾ, ಮೋಟಾರ್ ಆನ್ ಮಾಡಲು ಹೋಗುತ್ತಾ ಅರ್ಧ ಕಣ್ಣಿಟ್ಟರೆ ಆಗದು. ಅಷ್ಟು ಹೊತ್ತು ಕೊಡಲಾಗದ ಹಂಗಾಮಿನಲ್ಲಿ ಬೈಕಿನ ಕೀ ಬೀರುವಿನಲ್ಲಿರಲಿ.

ಎರಡು ಮೂರು ವರ್ಷದಲ್ಲಿ ಮಂಡಿ ಹ್ಯಾಂಡಲಿಗೆ ತಾಕತೊಡಗುತ್ತದೆ. ಆಗ ಗಾಡಿ ಚಿಕ್ಕದಾಯಿತು; ತಂಗಿಗೋ ಸೋದರಮಾವನ ಮನೆಯ ಮಗುವಿಗೋ ಹೋಗಬಹುದು, ಮಾರಲೂಬಹುದು. ಕೊಡುವ ಮೊದಲು ಬ್ರೇಕ್ ಕೇಬಲ್ಲು, ಆಕ್ಸಿಲರೇಟರ್ ಕೇಬಲ್ಲು ಹೊಸದು ಹಾಕಿಸಿ, ವೇಗದ ಸ್ಕ್ರೂವನ್ನು ಮತ್ತೆ ಮೊದಲ ದಿನದ ಬಿಗಿಗೆ ತನ್ನಿ. ಹೆಲ್ಮೆಟ್ಟನ್ನು ಮಾತ್ರ ದಾಟಿಸಬೇಡಿ. ಒಮ್ಮೆ ನೆಲಕ್ಕೆ ಜೋರಾಗಿ ಬಡಿದ ಹೆಲ್ಮೆಟ್ಟಿನೊಳಗಿನ ಥರ್ಮಾಕೋಲು ಕುಗ್ಗಿರುತ್ತದೆ, ಹೊರಗೆ ಗೀರೂ ಕಾಣದಿರಬಹುದು. ಆ ಮಗುವಿನ ತಲೆಯ ಅಳತೆ ತೆಗೆದು ಅದಕ್ಕೆ ಹೊಸದೊಂದನ್ನೇ ಕೊಳ್ಳಬೇಕು.